ದ್ರಾಕ್ಷಿ ಪಡದಿಂದ ಉಪ್ಪಿನ ಆಗರಕ್ಕೆ

ಶಿವರಾತ್ರಿ ಮುಗಿದು ಕಾಮಣ್ಣನ ಹಬ್ಬ ಹತ್ತಿರ ಬಂದಂತೆ ನನ್ನ ಫೋನಿಗೆ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಕಡಲೆ ಒಕ್ಕಣೆ ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮಕ್ಕಳ ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಉಳಿದಿರುತ್ತದೆ. ‘ನಾಕ ದಿನಾ ಬಿಡುವ ಐತ್ರಿ, ಎಲ್ಲಿ ಹೋಗೂಣು?’ ಅಂತ ಕುಂದಗೋಳದವರು ಕೇಳುತ್ತಾರೆ, ಕಲಘಟಗಿಯವರು ಕೇಳುತ್ತಾರೆ. ಈ ಸಲ ಅಣ್ಣಿಗೇರಿಯ ಓದುಗರೊಬ್ಬರು ಪ್ರಶ್ನೆಯನ್ನು ಇನ್ನಷ್ಟು ಬೆಳೆಸಿದರು. ಅವರ ಮಗ ಕೆಲಸದ ಮೇಲೆ ಸ್ಪೇನಿಗೆ ಹೋದಾಗ ಅಲ್ಲಿನ ಆಗ್ನೇಯ ಭಾಗವನ್ನು ಸುತ್ತಿ ಬಂದನಂತೆ. ‘ಮುಂಜಾನೆ ದ್ರಾಕ್ಷಿ ತ್ವಾಟಾ ನೋಡೂದು, ಮಧ್ಯಾಹ್ನ ಸಮುದ್ರದ ದಂಡಿ ಹಳ್ಳ್ಯಾಗ ಊಟಾ ಮಾಡೂದು. ಹಂಗ ಇರ್ತದಂತ್ರಿ ಅಲ್ಲೆ. ನಮ್ಮ ಕಡೆ ಅಂಥಾದ್ದ ಏನರ ಐತೇನ?’

ಐತಿ. ಅದೂ ನಮ್ಮ ಮನೆಯ ಮುಂದೆ ಹಾದುಹೋಗುವ ರಸ್ತೆಯ ಎರಡು ತುದಿಗಳಲ್ಲಿ. ಪಂಜಾಬಿನ ಸಂಗರೂರಿನಿಂದ ಹೊರಟು ಅಂಕೋಲೆಯಲ್ಲಿ ಮುಗಿಯುವ ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರ ದಾಟಿ ವಿಜಯಪುರಕ್ಕೆ ಬರುತ್ತದೆ. ಅಲ್ಲಿಂದ ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರದ ಮೇಲೆ ಹಾಯ್ದು ಅರಬೈಲ್ ಘಟ್ಟ ಇಳಿದು ಸಮುದ್ರ ಮುಟ್ಟುತ್ತದೆ. ವಿಜಯಪುರದಿಂದ ಅಂಕೋಲೆಗೆ ಸುಮಾರು 330 ಕಿ.ಮೀ. ಒಂದು ತುದಿಯಲ್ಲಿ ದ್ರಾಕ್ಷಿ, ಇನ್ನೊಂದು ತುದಿಯಲ್ಲಿ ಉಪ್ಪು. ನಟ್ಟನಡುವೆ ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳು. ಅಣ್ಣಿಗೇರಿಯವರಿಗೆ ನವಲಗುಂದ ಹತ್ತಿರ, ಕುಂದಗೋಳದವರಿಗೆ ಹುಬ್ಬಳ್ಳಿ ಹತ್ತಿರ. ಯಾರೇ ಆದರೂ ಗಂಟೆಯೊಳಗೆ ಈ ರಸ್ತೆ ಸೇರಬಹುದು.

ನಾನು ಈ ದಾರಿಯನ್ನು ಮೊದಲ ಸಲ ಪೂರ್ತಿ ಸುತ್ತಿದ್ದು ಒಂದು ಜುಲೈ ತಿಂಗಳಲ್ಲಿ. ಅದು ತಪ್ಪು ಕಾಲ. ವಿಜಯಪುರದ ಪಡಗಳಲ್ಲಿ ಬರೀ ಎಲೆ ಇತ್ತು, ಒಂದು ಗೊನೆಯೂ ಇರಲಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಂಡೆ ಹತ್ತಿ ಮಲಗಿದ್ದವು. ಉಪ್ಪಿನ ಆಗರಗಳಲ್ಲಿ ಮಳೆನೀರು ತುಂಬಿತ್ತು. ಹೆಂಡತಿ ಮಕ್ಕಳನ್ನು ಕರಕೊಂಡು ಅಷ್ಟು ದೂರ ಹೋಗಿ ಮಳೆಯನ್ನಷ್ಟೇ ನೋಡಿ ಬಂದೆ. ಎರಡನೇ ಸಲ ಫಾಲ್ಗುಣದಲ್ಲಿ ಹೋದಾಗಲೇ ಈ ರಸ್ತೆಗೊಂದು ಅರ್ಥ ಇದೆಯೆಂದು ತಿಳಿಯಿತು. ಫಾಲ್ಗುಣ, ಚೈತ್ರಗಳಲ್ಲಿ ಇದರ ಉದ್ದಕ್ಕೂ ಜನ ಏನನ್ನಾದರೂ ಒಣಗಿಸುತ್ತಿರುತ್ತಾರೆ. ವಿಜಯಪುರದಲ್ಲಿ ದ್ರಾಕ್ಷಿ, ನಮ್ಮ ಕಣಗಳಲ್ಲಿ ಮೆಣಸಿನಕಾಯಿ, ಅಂಕೋಲೆಯ ಬೇಲೆಯಲ್ಲಿ ಮೀನು, ಸಾಣಿಕಟ್ಟೆಯಲ್ಲಿ ಸಮುದ್ರದ ನೀರು. ನಾನು ಹೇಳುವ ಪ್ರವಾಸ ಬಿಸಿಲಿನದು. ಬಿಸಿಲಿಗೆ ಹೆದರುವವರು ಇದನ್ನು ಬಿಟ್ಟು ಬೇರೆ ಊರು ನೋಡಿಕೊಳ್ಳಬಹುದು.

ಮೊದಲು ಉತ್ತರಕ್ಕೆ. ನವಲಗುಂದ ಬಿಟ್ಟು ನರಗುಂದದ ಗುಡ್ಡ ಹಿಂದಾಗುತ್ತಲೇ ಕೊಣ್ಣೂರು ಬರುತ್ತದೆ. ಅಲ್ಲಿ ಮಲಪ್ರಭೆ. 2019ರ ಮಹಾಪೂರದಲ್ಲಿ ಈ ಸೇತುವೆಯ ಮೇಲೆ ನೀರು ಹರಿದು ಹೆದ್ದಾರಿಯೇ ಬಂದ್ ಆಗಿತ್ತು. ಮುಂದೆ ಅನಗವಾಡಿಯಲ್ಲಿ ಘಟಪ್ರಭೆ, ಕೊಲ್ಹಾರದಲ್ಲಿ ಕೃಷ್ಣೆ. ಆಲಮಟ್ಟಿಯ ಹಿನ್ನೀರು ಹರಡಿಕೊಂಡಿರುವುದರಿಂದ ಕೊಲ್ಹಾರದ ಸೇತುವೆ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಅದರ ತುದಿಯಲ್ಲಿ ಇಳಿದು ಕುಡಿಕೆ ಮೊಸರು ತಿನ್ನದೆ ಮುಂದೆ ಹೋಗಬೇಡಿ. ಚಮಚೆ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಮೊಸರು ಅದು. ಅಲ್ಲಿಂದಾಚೆ ವಿಜಯಪುರ. ಗೋಳಗುಮ್ಮಟವನ್ನು ನಮ್ಮ ಕಡೆಯ ಎಲ್ಲರೂ ಶಾಲೆಯ ಟ್ರಿಪ್ಪಿನಲ್ಲಿ ನೋಡಿಯೇ ಇರುತ್ತೀರಿ. ಈ ಸಲ ಊರಿನ ಪಶ್ಚಿಮಕ್ಕೆ ತಿರುಗಿ. ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ಅರ್ಧ ಗಂಟೆಯಲ್ಲಿ ದ್ರಾಕ್ಷಿ ಪಡಗಳು ಶುರುವಾಗುತ್ತವೆ.

ನವಲಗುಂದದ ರೈತರು ಅಲ್ಲಿ ನಿಂತು ಮೊದಲು ಕೇಳುವ ಪ್ರಶ್ನೆ: ಇದು ನಮ್ಮಲ್ಲಿ ಯಾಕೆ ಇಲ್ಲ? ಉತ್ತರ ಕಾಲ ಕೆಳಗಿದೆ. ನಮ್ಮದು ಎರಿ ಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಮೊಳಕೈ ಇಳಿಯುವಷ್ಟು ಬಿರಿಯುತ್ತದೆ, ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿಯ ಮೇಲೆಯೇ ನಮ್ಮ ಹಿಂಗಾರಿ ಜೋಳ, ಕಡಲೆ, ಗೋದಿ, ಕುಸುಬೆ ಬೆಳೆಯುತ್ತವೆ. ದ್ರಾಕ್ಷಿಯ ಬೇರಿಗೆ ಬೇಕಾದದ್ದು ಇದಕ್ಕೆ ಪೂರ್ತಿ ತಿರುವುಮುರುವು. ಅದಕ್ಕೆ ನೀರು ಬೇಕು, ನಿಂತ ನೀರು ಬೇಡ. ತಿಕೋಟಾ ಕಡೆಯವರು ಮಡ್ಡಿ ಅನ್ನುವ ಜಮೀನು, ಅಂದರೆ ಮೇಲೆ ತೆಳು ಮಣ್ಣು, ಕೆಳಗೆ ಗರಸು, ನೀರು ಬಿದ್ದ ಕೂಡಲೇ ಇಂಗಿಹೋಗುವ ನೆಲ, ದ್ರಾಕ್ಷಿಗೆ ಒಗ್ಗುತ್ತದೆ. ಹಿಂದೆ ದನ ಮೇಯಿಸಲೂ ಆಗದ ನೆಲ ಎಂದು ಬಿಟ್ಟದ್ದರ ಮೇಲೆ ಈಗ ಹನಿ ನೀರಾವರಿಯ ಕಪ್ಪು ಪೈಪು, ಕಬ್ಬಿಣದ ಕಂಬ, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿ. ಬರ ಬಂದ ವರ್ಷಗಳಲ್ಲಿ ಇಲ್ಲಿನವರು ಟ್ಯಾಂಕರಿನಲ್ಲಿ ನೀರು ಕೊಂಡು ತಂದು ಪಡ ಉಳಿಸಿಕೊಂಡಿದ್ದಾರೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಯ ಕೆರೆ, ಕಾಲುವೆಗಳಿಗೆ ಬಂದಮೇಲೆ ಜೀವ ಸ್ವಲ್ಪ ನಿರಾಳವಾಗಿದೆ.

ನನಗೆ ಅಲ್ಲಿ ಬಹಳ ಹಿಡಿಸಿದ್ದು ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವುದರ ಲೆಕ್ಕ. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎಚ್ಚರಾಗಿ ಚಿಗುರುತ್ತದೆ. ವರ್ಷಕ್ಕೊಂದು ನಿದ್ದೆ, ಒಂದು ಸಲ ಕತ್ತರಿ, ಒಂದು ಬೆಳೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಬಿಟ್ಟರೆ ಬಳ್ಳಿ ಮಲಗದೆ ಹಬ್ಬುತ್ತಲೇ ಹೋಗುತ್ತದೆ, ಹಣ್ಣು ಕೊಡುವುದಿಲ್ಲ. ಆದ್ದರಿಂದ ರೈತನ ಕತ್ತರಿಯೇ ಇಲ್ಲಿ ಚಳಿಗಾಲದ ಕೆಲಸ ಮಾಡುತ್ತದೆ. ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ. ಆಗ ಬರುವ ಹೊಸ ಕಡ್ಡಿಯೊಳಗೆ ಮುಂದಿನ ಗೊನೆಯ ಮೊಗ್ಗು ಗುಟ್ಟಾಗಿ ಕೂತಿರುತ್ತದೆ. ಅಕ್ಟೋಬರ್ ಸುಮಾರಿಗೆ ಎರಡನೇ ಚಾಟ್ನಿ. ಆಗ ಆ ಮೊಗ್ಗು ಒಡೆದು ಹೂ, ಕಾಯಿ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಟಾವು. ಅಕ್ಟೋಬರಿನಲ್ಲಿ ಕತ್ತರಿ ಆಡಿಸುವ ದಿನವನ್ನು ನಾಲ್ಕು ದಿನ ಹಿಂದುಮುಂದು ಮಾಡಿದರೆ ಹೂವು ಮಳೆಗೆ ಸಿಗಬಹುದು, ಇಲ್ಲವೆ ಹಣ್ಣು ಪೇಟೆಯ ಇಳಿದರಕ್ಕೆ ಸಿಗಬಹುದು. ಪಂಚಾಂಗ ನೋಡಿ ಮದುವೆ ಇಟ್ಟುಕೊಂಡ ಹಾಗೆ ಅವರು ಈ ದಿನ ಗೊತ್ತುಮಾಡುತ್ತಾರೆ.

ಹೊರಗಿನವರಿಗೆ ವಿಜಯಪುರದ ದ್ರಾಕ್ಷಿ ಎಂದರೆ ಸಂತೆಯಲ್ಲಿ ತೂಗುವ ಹಸಿರು ಗೊನೆ. ಆದರೆ ಇಲ್ಲಿನ ಬೆಳೆಯ ದೊಡ್ಡ ಪಾಲು ಮಣೂಕ ಆಗುತ್ತದೆ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಹುಟ್ಟಿದ ಬೀಜವಿಲ್ಲದ ತಳಿಗಳು ಒಣಗಿಸಲು ಹೇಳಿಮಾಡಿಸಿದಂಥವು. ಪಡದ ಪಕ್ಕದಲ್ಲೇ ಉದ್ದನೆಯ ಶೆಡ್ಡು. ಅದರೊಳಗೆ ಒಂದರ ಮೇಲೊಂದು ಹತ್ತಾರು ಅಂತಸ್ತು ಬಲೆ ಬಿಗಿದಿರುತ್ತಾರೆ. ಗೊನೆಯನ್ನು ನೇರವಾಗಿ ಅಲ್ಲಿ ಹರವುವುದಿಲ್ಲ. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಕಲಸಿದ ದ್ರಾವಣದಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಯಾಕೆಂದರೆ ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳು ಪದರ ಇರುತ್ತದೆ, ಕೈಯಲ್ಲಿ ಉಜ್ಜಿದರೆ ಬಿಳಿ ಪುಡಿಯಂತೆ ಹತ್ತುವುದು ಅದೇ. ಒಳಗಿನ ನೀರು ಹೊರಗೆ ಹೋಗದಂತೆ ಕಾಯುವುದು ಅದರ ಕೆಲಸ. ದ್ರಾವಣ ಆ ಪದರವನ್ನು ಸಡಿಲಿಸುತ್ತದೆ, ಸಿಪ್ಪೆ ಹರಿಯದೆ ನೀರು ಆರಿಹೋಗಲು ದಾರಿಯಾಗುತ್ತದೆ. ಹಾಗೆಯೇ ಒಣಹಾಕಿದರೆ ತಿಂಗಳು ಹಿಡಿಯುವುದು ಹದಿನೈದು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ.

ಲೆಕ್ಕ ಹೀಗೆ ಹೇಳಿದರೆ ಸಲೀಸು. ನಾನು ಹೋದ ದಿನ ಸಂಜೆ ತಿಕೋಟಾ ಹತ್ತಿರದ ಒಂದು ಶೆಡ್ಡಿನಲ್ಲಿ ಪಡುವಣದ ಮೋಡ ನೋಡಿ ಮನೆಮಂದಿಯೆಲ್ಲ ಹೊರಗೆ ಬಂದು ನಿಂತಿದ್ದರು. ಹತ್ತು ದಿನ ಒಣಗಿದ ಮಾಲು ಒಳಗಿತ್ತು. ಆಲಿಕಲ್ಲು ಬಿದ್ದರೆ ಬಳ್ಳಿಯ ಮೇಲಿದ್ದದ್ದು ಹೋಗುತ್ತದೆ, ಬರೀ ತಂಪು ಗಾಳಿ ಬಂದರೂ ಶೆಡ್ಡಿನಲ್ಲಿದ್ದದ್ದು ಕಪ್ಪಾಗುತ್ತದೆ, ಕಪ್ಪಾದರೆ ದರ ಅರ್ಧ. ಪ್ಲಾಸ್ಟಿಕ್ ತಾಡಪತ್ರಿ ಎರಡೂ ಬದಿಗೆ ಇಳಿಬಿಟ್ಟು ಕಟ್ಟಿದರು. ಸೊಸೆ ಎಳೆಗೂಸನ್ನು ಕಂಕುಳಲ್ಲಿ ಹಿಡಿದೇ ಹಗ್ಗ ಬಿಗಿಯುತ್ತಿದ್ದಳು. ಮೋಡ ಗುಡುಗಿ ಉತ್ತರಕ್ಕೆ ಸರಿಯಿತು. ಆಮೇಲೆ ಹಿರಿಯರು ನಮಗೆ ಚಹಾ ಕೊಟ್ಟು, ಒಂದು ಹಿಡಿ ಮಣೂಕ ಕೈಗೆ ಹಾಕಿ, ‘ಈಗ ತಿನ್ರಿ, ಈಗ ಇದು ನಮ್ಮದು’ ಅಂದರು. ಪ್ರವಾಸದಲ್ಲಿ ಅದಕ್ಕಿಂತ ಸಿಹಿಯಾದದ್ದನ್ನು ನಾನು ತಿಂದಿಲ್ಲ.

ಓದುಗರು ಕೇಳಿದ್ದು ವೈನ್ ಸೀಮೆಯ ಬಗ್ಗೆ. ಅದನ್ನೂ ಹೇಳುತ್ತೇನೆ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಮಾಡಿತು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂದು ಮೂರು ಸೀಮೆಗಳನ್ನು ಹೆಸರಿಸಿತು. ವಿಜಯಪುರ, ಬಾಗಲಕೋಟೆಗಳು ಕೃಷ್ಣಾ ಕಣಿವೆಯಲ್ಲಿ ಬರುತ್ತವೆ. ಆದರೂ ಇಲ್ಲಿ ವೈನ್ ಸಣ್ಣ ಬಾಬತ್ತಾಗಿಯೇ ಉಳಿದಿದೆ. ಅದಕ್ಕೆ ಕಾರಣ ರೈತನ ಜಾಣತನವೇ ಎಂದು ನನಗೆ ಅನ್ನಿಸುತ್ತದೆ. ವೈನಿನ ದ್ರಾಕ್ಷಿ ಬೇರೆ: ಕಾಳು ಸಣ್ಣದು, ಬೀಜ ಉಂಟು, ಸಿಪ್ಪೆ ದಪ್ಪ, ಕೆಂಪು ವೈನಿನ ಬಣ್ಣ, ಒಗರು ಎಲ್ಲ ಆ ಸಿಪ್ಪೆಯಿಂದಲೇ ಬರುತ್ತದೆ. ಕಾರ್ಖಾನೆ ಒಯ್ಯದಿದ್ದರೆ ಆ ಹಣ್ಣನ್ನು ಸಂತೆಗೆ ಇಟ್ಟರೆ ಯಾರೂ ಕೊಳ್ಳುವುದಿಲ್ಲ. ಬೀಜವಿಲ್ಲದ ಹಣ್ಣಾದರೆ ಹಸಿಯಾಗಿ ಮಾರಬಹುದು, ದರ ಬಿದ್ದರೆ ಒಣಗಿಸಬಹುದು, ಒಣಗಿಸಿದ್ದನ್ನು ಶೀತಲ ಗೃಹದಲ್ಲಿಟ್ಟು ದರ ಏರುವವರೆಗೆ ಕಾಯಬಹುದು. ಮೂರು ಬಾಗಿಲಿರುವ ಮನೆ ಬಿಟ್ಟು ಒಂದೇ ಬಾಗಿಲಿನ ಮನೆಗೆ ಯಾರು ಹೋಗುತ್ತಾರೆ? ವೈನ್ ತಯಾರಿಕೆಯನ್ನೇ ನೋಡಬೇಕೆನ್ನುವವರು ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಅಡಿಗೆ ಹೋಗಲಿ. ಗ್ರೋವರ್ ಕುಟುಂಬ 1992ರಲ್ಲಿ ಅಲ್ಲಿಂದ ಮೊದಲ ವೈನ್ ಹೊರತಂದಿತು. ಕೃಷ್ಣಾ ಕಣಿವೆಗೆ ಹೋಗುವವರು ಮಣೂಕ ನೋಡಲು ಹೋಗಬೇಕು.

ಸ್ಪೇನಿನ ಆ ಮೂಲೆಯ ಕಥೆ ನಮಗೆ ಹತ್ತಿರವಾಗುವುದೂ ಇಲ್ಲಿಯೇ. ಮೂರ್ಸಿಯಾ, ಅಲಿಕಾಂತೆ, ಅಲ್ಮೇರಿಯಾ ಎಂಬ ಆ ಮೂರು ಸೀಮೆಗಳು ಯುರೋಪಿನ ಬಹಳ ಒಣ ಭಾಗಗಳು. ಒಳನಾಡಿನ ಹುಮಿಯಾ ಊರಿನ ಸುತ್ತ ವರ್ಷದ ಮಳೆ 300 ಮಿ.ಮೀ. ಆಸುಪಾಸು, ನಮ್ಮ ನವಲಗುಂದದ ಅರ್ಧ. ಅಲ್ಲಿ ಮೊನಾಸ್ತ್ರೆಲ್ ಎಂಬ ಕಪ್ಪು ದ್ರಾಕ್ಷಿಯನ್ನು ಕಂಬ ತಂತಿ ಇಲ್ಲದೆ, ಮೊಣಕಾಲೆತ್ತರದ ಪೊದೆಯಂತೆ, ಸುಣ್ಣಗಲ್ಲಿನ ನೆಲದಲ್ಲಿ ದೂರದೂರ ನೆಡುತ್ತಾರೆ. ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟ ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿಯನ್ನು ನಾಶ ಮಾಡಿದಾಗ ಹುಮಿಯಾದ ಮರಳು ಬೆರೆತ ನೆಲ ಅದನ್ನು ಬಹಳ ಕಾಲ ತಡೆಯಿತು; ಅಲ್ಲಿಗೆ ಅದು ತಲುಪಿದ್ದು 1989ರಲ್ಲಿ. ನೀರಿನ ಜಗಳವೂ ಅವರಿಗೆ ಉಂಟು. ತಾಹೋ ನದಿಯ ನೀರನ್ನು ಸೆಗುರಾ ನದಿಗೆ ತಿರುಗಿಸುವ ಕಾಲುವೆ 1979ರಿಂದ ಹರಿಯುತ್ತಿದೆ. ಕೊಡುವ ಸೀಮೆಗೂ ಪಡೆಯುವ ಸೀಮೆಗೂ ಇಂದಿಗೂ ಮನಸ್ತಾಪ. ಮಹದಾಯಿಗಾಗಿ ರಸ್ತೆಯಲ್ಲಿ ಕೂತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲಿಕಾಂತೆ ಸೀಮೆಯ ಸಮುದ್ರದ ಕಡೆ ದೆನಿಯಾ ಎಂಬ ಬಂದರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಂದ ಹಡಗುಗಟ್ಟಲೆ ಒಣದ್ರಾಕ್ಷಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ರಿಯುರಾವ್ ಎಂಬ ಕಮಾನುಗಳ ಪಡಸಾಲೆ ಇಂದಿಗೂ ನಿಂತಿವೆ. ಗೊನೆಯನ್ನು ಬೂದಿಯ ಕ್ಷಾರ ಬೆರೆಸಿದ ಕುದಿನೀರಿನಲ್ಲಿ ಅದ್ದಿ, ಬೊಂಬಿನಂಥ ಜೊಂಡಿನ ತಟ್ಟಿಗಳ ಮೇಲೆ ಬಿಸಿಲಿಗೆ ಹರವಿ, ರಾತ್ರಿ ಅಥವಾ ಮಳೆ ಮೋಡ ಬಂದರೆ ಆ ಕಮಾನಿನ ಕೆಳಗೆ ಎಳೆದಿಡುತ್ತಿದ್ದರು. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಪೊಟ್ಯಾಸಿಯಂ ಕಾರ್ಬೋನೇಟೇ. ತಿಕೋಟೆಯ ಬಕೆಟ್ಟಿನಲ್ಲಿರುವುದೂ, ದೆನಿಯಾದ ಹಂಡೆಯಲ್ಲಿದ್ದುದೂ ಒಂದೇ ವಸ್ತು. ಕುದಿಸುವ ಕೆಲಸವನ್ನು ಇಲ್ಲಿ ಎಣ್ಣೆ ಮಾಡುತ್ತದೆ, ಅಷ್ಟೇ. ಆ ಸೊಸೆ ಹಗ್ಗ ಬಿಗಿದ ಹಾಗೆಯೇ ಅಲ್ಲಿಯೂ ಯಾರೋ ತಟ್ಟಿ ಎಳೆದಿರಬೇಕು.

ಇನ್ನೊಂದು ಹೋಲಿಕೆ ನನ್ನನ್ನು ಬಹಳ ದಿನ ಕಾಡಿತು. ಆ ಒಣದ್ರಾಕ್ಷಿ ಬೆಳೆದದ್ದು ಒಳಗಿನ ಕಣಿವೆಯ ಹಳ್ಳಿಗಳಲ್ಲಿ. ಪೆಟ್ಟಿಗೆಯ ಮೇಲೆ ಹೆಸರು ಮಾತ್ರ ಬಂದರಿನದು, ದೆನಿಯಾದ್ದು. ನಮ್ಮ ಮಣೂಕವೂ ಹಾಗೆಯೇ. ತಿಕೋಟೆಯ ಬಹಳಷ್ಟು ಮಾಲು ಗಡಿ ದಾಟಿ ತಾಸಗಾಂವ, ಸಾಂಗ್ಲಿ ಪೇಟೆಗೆ ಹೋಗುತ್ತದೆ, ಅಲ್ಲಿಂದ ದೇಶದ ಅಂಗಡಿಗಳಿಗೆ ಹೊರಡುವಾಗ ಅದು ಸಾಂಗ್ಲಿಯ ಮಣೂಕ. ನಮ್ಮ ಹೊಲದ ಕಥೆಯೂ ಬೇರೆಯಲ್ಲ. ಕುಂದಗೋಳ, ಅಣ್ಣಿಗೇರಿ, ನವಲಗುಂದದ ಎರಿಯಲ್ಲಿ ಬೆಳೆದು, ನಮ್ಮ ಕಣದಲ್ಲಿ ಒಣಗಿ, ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಆರಿಸಿಕೊಂಡ ಕೆಂಪು ಮೆಣಸಿನಕಾಯಿ ಜಗತ್ತಿಗೆಲ್ಲ ಬ್ಯಾಡಗಿ. ಅದಕ್ಕೂ ಹಿಂದೆ, 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ಧಾರವಾಡ ಸೀಮೆಯ ಹತ್ತಿಗಾಗಿ ಬಾಯಿಬಿಟ್ಟವು. ನಮ್ಮ ಅಂಡಿಗೆಗಳು ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹಡಗು ಹತ್ತಿದವು. ಆ ಹತ್ತಿಗೆ ವ್ಯಾಪಾರದಲ್ಲಿ ಉಳಿದ ಹೆಸರು ಕುಮಟಾ. ಹತ್ತಿಯ ಒಂದು ಗಿಡವೂ ಕುಮಟೆಯಲ್ಲಿ ಬೆಳೆದದ್ದಲ್ಲ. ಹೆಸರು ಯಾವಾಗಲೂ ಪೇಟೆಗೆ ಸಿಗುತ್ತದೆ, ಹೊಲಕ್ಕೆ ಸಿಗುವುದಿಲ್ಲ. ನಾನು ಈ ಪ್ರವಾಸವನ್ನು ಒತ್ತಾಯ ಮಾಡಿ ಹೇಳುವುದು ಇದೇ ಕಾರಣಕ್ಕೆ. ಕೊಣ್ಣೂರಿನ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಪೇರಲ ಮಾರುವವರನ್ನು ನೋಡಿ: ಅದು ಕೊಣ್ಣೂರ ಪೇರಲ, ಮಾರುವವರು ಕೊಣ್ಣೂರವರು, ಕೊಳ್ಳುವವರು ಊರ ಹೆಸರು ಹೇಳಿಯೇ ಕೊಳ್ಳುತ್ತಾರೆ. ತಿಕೋಟೆಯ ರಸ್ತೆಗೂ ಅಂಥ ಸಾಲು ಬರಬೇಕು. ಪಡದ ಬಾಗಿಲಲ್ಲಿ ಕಿಲೋ, ಅರ್ಧ ಕಿಲೋ ಪೊಟ್ಟಣ, ಅದರ ಮೇಲೆ ಆ ಊರಿನ ಹೆಸರು. ಸ್ಪೇನಿನವರು ಹುಮಿಯಾ, ಯೆಕ್ಲಾ, ಬೂಯಾಸ್ ಊರುಗಳಿಗೆ ವೈನ್ ದಾರಿ ಎಂದು ಫಲಕ ಹಾಕಿ ಮಾಡಿಕೊಂಡದ್ದು ಇಷ್ಟನ್ನೇ.

ಈಗ ಗಾಡಿ ತಿರುಗಿಸಿ ಪಡುವಣಕ್ಕೆ. ಹುಬ್ಬಳ್ಳಿ ದಾಟಿ ಕಲಘಟಗಿ ಸೇರುವಷ್ಟರಲ್ಲಿ ಎರಿ ಮುಗಿದು ಕೆಂಪು ನೆಲ, ಮಾವಿನ ತೋಪು, ಭತ್ತದ ಗದ್ದೆ ಶುರುವಾಗುತ್ತವೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯನ್ನು ಧಾರವಾಡ ಜಿಲ್ಲೆಯ ಮಕ್ಕಳಿಗೆ ಭೂಗೋಳದ ಮೊದಲ ಪಾಠವಾಗಿ ಹೇಳಬೇಕು. ಕುಂದಗೋಳ, ನವಲಗುಂದದ ಮೇಲೆ ಬಿದ್ದ ಮಳೆ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಲಘಟಗಿಯ ಮೇಲೆ ಬಿದ್ದದ್ದು ಬೇಡ್ತಿ ಹಿಡಿದು ಪಡುವಣಕ್ಕೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಅದಕ್ಕೆ ಕೂಡುತ್ತದೆ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರು ಹೊತ್ತು ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಜಿಲ್ಲೆಯ ನೀರು ಎರಡು ಸಮುದ್ರಕ್ಕೆ. ಅರಬೈಲ್ ಘಟ್ಟ ಇಳಿದಮೇಲೆ ರಾಮನಗುಳಿ, ಸುಂಕಸಾಳದ ಉದ್ದಕ್ಕೂ ರಸ್ತೆಯ ಜೊತೆಗೆ ಹರಿದು ಬರುವುದು ನಮ್ಮದೇ ನೀರು. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. 2024ರ ಜುಲೈ 16ರಂದು ಇದೇ ಗಂಗಾವಳಿಯ ದಂಡೆಯ ಶಿರೂರಿನಲ್ಲಿ, ಕರಾವಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು, ಲಾರಿ ಸಮೇತ ನದಿಯ ಪಾಲಾದವರೂ ಇದ್ದರು. ಅಲ್ಲಿ ಹಾದುಹೋಗುವಾಗ ಒಂದು ಗಳಿಗೆ ಗಾಡಿ ನಿಧಾನ ಮಾಡಿ.

ಅಂಕೋಲೆಯ ಸುತ್ತಲಿನ ಹಳ್ಳಿಗಳಲ್ಲಿ ನನಗೆ ಇಷ್ಟವಾದವು ಬೇಲೇಕೇರಿ, ಕೇಣಿ, ಬಡಗೇರಿ, ಹೊನ್ನಳ್ಳಿ. ದೊಡ್ಡ ಹೋಟೆಲಿನ ಗೋಕರ್ಣವನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಕೇಣಿಯಲ್ಲಿ ಬೆಳಿಗ್ಗೆ ಎದ್ದರೆ ದೋಣಿ ದಡಕ್ಕೆ ಬಂದಿರುತ್ತವೆ. ಹೆಂಗಸರು ತಾರ್ಲೆ, ಬಂಗಡೆ ಆರಿಸಿ, ಮಾರಾಟಕ್ಕೆ ಹೋಗದ್ದಕ್ಕೆ ಉಪ್ಪು ತುಂಬಿ ಬೇಲೆಯ ಮೇಲೆ ಒಣಹಾಕುತ್ತಾರೆ. ಮೀನು ತಿನ್ನದ ನಮ್ಮಂಥವರಿಗೆ ಮುರುಗಲ ಹಣ್ಣಿನ ಪಾನಕ, ತಂಬಳಿ, ಕುಚಲಕ್ಕಿ ಅನ್ನ. ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ ಹೋದರೆ ಅಂಕೋಲೆಯ ಕರಿ ಈಶಾಡ ಮಾವು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಊರಿನ ಹೆಸರಿನ ಸಮೇತ. ಹೋಳಿಯ ಹೊತ್ತಿಗೆ ಇಲ್ಲಿ ಸುಗ್ಗಿ ಕುಣಿತ. ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿಕೊಂಡು ಕೇರಿಯಿಂದ ಕೇರಿಗೆ ಕುಣಿಯುತ್ತ ಹೋಗುತ್ತಾರೆ. ಅದೇ ವಾರ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ಮುಂದೆ ಹರಕೆ ಹೊತ್ತವರ ಸಾಲು ಹನುಮಂತನ ಬಾಲದಂತೆ ಬೆಳೆದಿರುತ್ತದೆ. ರಸ್ತೆಯ ಎರಡೂ ಕಡೆ ಒಂದೇ ಹುಣ್ಣಿಮೆ.

ಬಡಗೇರಿ ಸುಕ್ರಿ ಬೊಮ್ಮಗೌಡರ ಊರು, ಹೊನ್ನಳ್ಳಿ ತುಳಸಿ ಗೌಡರ ಊರು. ಒಬ್ಬರು ಹಾಡು ಕಾಪಾಡಿದವರು, ಇನ್ನೊಬ್ಬರು ಗಿಡ ಬೆಳೆಸಿದವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. 2024ರ ಡಿಸೆಂಬರಿನಲ್ಲಿ ತುಳಸಜ್ಜಿ ಹೋದರು, ಎರಡು ತಿಂಗಳಲ್ಲಿ ಸುಕ್ರಜ್ಜಿಯೂ ಹೋದರು. ಸುಕ್ರಜ್ಜಿ ತಮ್ಮ ಕೇರಿಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತವರು, ಕುಡಿತ ತಮ್ಮ ಮನೆಯನ್ನೇ ಹಾಳು ಮಾಡಿದ್ದನ್ನು ಕಂಡವರು. ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಈ ರಸ್ತೆಯ ಒಂದು ತುದಿಯಲ್ಲಿ ನಿಂತು ವೈನಿನ ಬಗ್ಗೆ ಉತ್ಸಾಹದಿಂದ ಮಾತಾಡುವವರು ಇನ್ನೊಂದು ತುದಿಗೆ ಬಂದು ಬಡಗೇರಿಯ ಹೆಂಗಸರ ಜೊತೆ ಅರ್ಧ ತಾಸು ಕೂರಬೇಕು ಎಂಬುದು ನನ್ನ ಮನಸ್ಸಿನ ಮಾತು. ರೈತನಿಗೆ ವೈನಿನಿಂದ ದುಡ್ಡು ಬರುವುದಾದರೆ ಬರಲಿ. ಆದರೆ ನಮ್ಮ ಹಳ್ಳಿಗಳಲ್ಲಿ ಕುಡಿತ ಏನು ಮಾಡಿದೆ ಎಂಬುದು ಗೊತ್ತಿದ್ದೂ ಅದನ್ನು ಬರೀ ರುಚಿಯ ವಿಷಯವೆಂದು ಬರೆಯಲು ನನಗೆ ಕೈ ಬರುವುದಿಲ್ಲ.

ಅಂಕೋಲೆಯಿಂದ ದಕ್ಷಿಣಕ್ಕೆ ಇಳಿದು ಗಂಗಾವಳಿ ದಾಟಿದರೆ ಕುಮಟಾ ತಾಲೂಕು. ಗೋಕರ್ಣದ ಪಕ್ಕದಲ್ಲೇ ಹನೇಹಳ್ಳಿ. ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ ಊರು. ಮುಂಬಯಿಯಲ್ಲಿ ಬದುಕು ಕಳೆದರೂ ಅವರ ಕತೆಗಳು ಈ ಕೇರಿಗಳಿಗೆ ಮರಳಿ ಮರಳಿ ಬಂದವು. ಅವರನ್ನು ಓದಿಕೊಂಡವರು ಅಲ್ಲಿನ ಓಣಿಗಳಲ್ಲಿ ಒಂದು ಸಂಜೆ ನಡೆದಾಡಿ. ಇನ್ನೂ ಮುಂದೆ ತದಡಿಯಲ್ಲಿ ಅಘನಾಶಿನಿ ಸಮುದ್ರ ಸೇರುತ್ತದೆ. ದೋಣಿ ಹತ್ತಿದರೆ ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ. ಅಣೆಕಟ್ಟಿಲ್ಲದೆ ಹರಿದು ಬರುವ ಈ ನದಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ ಮಾನ್ಯತೆ ದೊರೆಯಿತು. ನೀರು ಇಳಿದಾಗ ಮೊಣಕಾಲು ಕೆಸರಿನಲ್ಲಿ ಹೆಂಗಸರು ಬಳಚು ಆರಿಸುತ್ತಿರುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಕಾಲುವೆಯ ಕೊನೆಯ ಹೊಲಗಳಲ್ಲಿ ಸವುಳು ಹತ್ತಿ ಭೂಮಿ ಕಳೆದುಕೊಂಡ ನಮ್ಮ ರೈತರು ಆ ಭತ್ತದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಬೇಕು.

ಇದೇ ಅಘನಾಶಿನಿಯ ಹಿನ್ನೀರಿನ ಬದಿಗೆ ಸಾಣಿಕಟ್ಟಾ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾಯಿಸುತ್ತ, ಬಿಸಿಲಿಗೆ ಗಟ್ಟಿ ಮಾಡುತ್ತ, ಕೊನೆಯ ಮಡಿಯಲ್ಲಿ ಹರಳುಗಟ್ಟಿಸುತ್ತಾರೆ. ಮರದ ಹಲಗೆಯಿಂದ ಅದನ್ನು ಎಳೆದು ಗುಡ್ಡೆ ಹಾಕುವ ಕೆಲಸ ಜನವರಿಯಿಂದ ಮೇ ತಿಂಗಳವರೆಗೆ. ಆಗರದ ಒಡೆಯರ ಸಹಕಾರ ಸಂಘ 1952ರಿಂದ ಇದನ್ನು ನಡೆಸುತ್ತಿದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದು ಜನ ಜೈಲಿಗೆ ಹೋದದ್ದು, ಕರನಿರಾಕರಣೆ ಮಾಡಿ ಹೊಲಮನೆ ಕಳೆದುಕೊಂಡದ್ದು ಎಲ್ಲ ಈ ನೆಲದ ನೆನಪು. ಸ್ಪೇನಿನ ಆ ದಂಡೆಯಲ್ಲೂ ತೊರ್ರೆವಿಯೆಹಾ ಎಂಬಲ್ಲಿ ಗುಲಾಬಿ ಬಣ್ಣದ ಸರೋವರದಿಂದ ಉಪ್ಪು ತೆಗೆಯುತ್ತಾರೆ. ಮೂರ್ಸಿಯಾದವರು ನ್ಯೋರಾ ಎಂಬ ಗುಂಡು ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕುತ್ತಾರೆ. ಅವರಿಗೂ ನಮಗೂ ಮೆಣಸಿನಕಾಯಿ ಬಂದದ್ದು ಅಮೆರಿಕದಿಂದ, ಹಡಗಿನಲ್ಲಿ. ನಮ್ಮ ಅಜ್ಜಿ ಹೇಳುತ್ತಿದ್ದಳು: ಘಟ್ಟದ ಕೆಳಗಿನ ಉಪ್ಪು ಹಾಕಿದರೆ ಉಪ್ಪಿನಕಾಯಿ ಕೆಡುವುದಿಲ್ಲ ಅಂತ. ಅದು ಯಾವ ಊರಿನ ಉಪ್ಪು ಎಂದು ಕೇಳಲು ಆಗ ನನಗೆ ಬುದ್ಧಿ ಇರಲಿಲ್ಲ.

ಆಗರದ ಬದುವಿನ ಮೇಲೆ ಹಲಗೆ ಎಳೆಯುತ್ತಿದ್ದ ಒಬ್ಬ ಹೆಂಗಸು ಕೆಲಸ ನಿಲ್ಲಿಸಿ, ‘ನಿಮಗೆ ಯಾವೂರಾಯ್ತು?’ ಎಂದಳು. ನವಲಗುಂದ ಎಂದೆ. ಅವಳಿಗೆ ಗೊತ್ತಾಗಲಿಲ್ಲ. ‘ಘಟ್ಟದ ಮೇಲಿನೋರಾ?’ ಹೌದೆಂದೆ. ‘ಹಾಗಾರೆ ಬ್ಯಾಡಗಿ ಮೆಣಸು ನಿಮ್ಮ ಕಡೇದೇ. ಅದಿಲ್ದಿದ್ರೆ ನಮ್ಮ ಸಾರಿಗೆ ಬಣ್ಣ ಬರೂದಿಲ್ಲ’ ಎಂದು ನಕ್ಕಳು. ಅದರಲ್ಲಿ ಬಹಳಷ್ಟು ಬ್ಯಾಡಗಿಯಲ್ಲಿ ಬೆಳೆದದ್ದಲ್ಲ, ಕುಂದಗೋಳದ್ದು, ಅಣ್ಣಿಗೇರಿಯದು, ನಮ್ಮ ಹೊಲದ್ದೂ ಇರಬಹುದು ಎಂದು ನಾನು ಹೇಳಿದೆ. ಅವಳು ಊರುಗಳ ಹೆಸರನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡಳು. ನಾನು ಚೀಲದಿಂದ ತಿಕೋಟೆಯ ಮಣೂಕದ ಪೊಟ್ಟಣ ತೆಗೆದು ಅವಳ ಸೆರಗಿಗೆ ಹಾಕಿದೆ. ಅವಳು ಗುಡ್ಡೆಯ ನಡುವಿನಿಂದ, ಮಣ್ಣು ತಾಗದ ಕಡೆಯಿಂದ, ಎರಡು ಬೊಗಸೆ ಉಪ್ಪು ಆರಿಸಿ ನನ್ನ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು. ಅದಿನ್ನೂ ಒದ್ದೆಯಿತ್ತು. ಮನೆಗೆ ಹೋಗಿ ಒಂದು ದಿನ ಬಿಸಿಲಿಗೆ ಇಡಿ ಎಂದಳು.